ಪಕ್ಕದ ಸೀಟಿನ ಬ್ರೇಕು

ಹೊಲಿಗೆ ಕೋಣೆಯಿಂದ,
ಮಂಗಳವಾರ, ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಮೆಣಸಿನಕಾಯೀ,

ಹೇಗಿದ್ದೀಯ ಮಗಳೇ? ಸೊಂಟದ ನೋವು ಕಡಿಮೆಯಾಯಿತಾ? ರೋಗಿಗಳನ್ನ ಎತ್ತಿ ಕೂರಿಸುವಾಗ ಮಂಡಿ ಬಗ್ಗಿಸು, ಬೆನ್ನು ಬಗ್ಗಿಸಬೇಡ ಅಂತ ಊರಿಗೆಲ್ಲ ಹೇಳಿಕೊಡುವ ನರ್ಸಮ್ಮನಿಗೆ ನಾನೇನು ಹೇಳಲಿ. ಅಳಿಯಂದಿರ ಕೆಮ್ಮು ಬಿಟ್ಟಿತಾ? ಮೊನ್ನೆ ಭಾನುವಾರ ತಾನೇ ಫೋನಿನಲ್ಲಿ ಮಾತಾಡಿದೆವು, ಈಗ ಇದೇನು ಅಮ್ಮ ಕಾಗದ ಹಿಡಿದು ಕೂತಿದ್ದಾಳೆ ಅಂತ ನಿನಗೆ ಗಾಬರಿಯಾಗಬಹುದು. ಈ ಮನೆಯಲ್ಲಿ ಫೋನು ಇಬ್ಬರ ಸೊತ್ತು ಕಣೇ. ನಿನ್ನ ಹೆಸರು ಕಂಡರೆ ಸಾಕು, ನಿಮ್ಮಪ್ಪ ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟುಕೊಂಡು ಕೂರ್ತಾರೆ. ಅವರ ಎದುರಿಗೇ ಅವರ ಮಾತು ಆಡೋದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ. ಈಗ ಅವರು ಒಳಗೆ ಮಲಗಿದ್ದಾರೆ. ಏಳುವುದರೊಳಗೆ ಮುಗಿಸಬೇಕು, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ವಿಷಯ ನಿಮ್ಮಪ್ಪನದು, ಮತ್ತೆ ನನ್ನ ಸವತಿಯದು. ಸವತಿ ಅಂದರೆ ಆ ಕೆಂಪು ಕಾರು. ಈ ವಯಸ್ಸಿನಲ್ಲಿ ಮನೆಗೆ ಸವತಿಯನ್ನ ತಂದಿದ್ದಾರೆ ನೋಡು ಅಂತ ನಾನು ಹೇಳಿದಾಗ ನೀನು ಫೋನಿನಲ್ಲಿ ಬಿದ್ದು ಬಿದ್ದು ನಕ್ಕೆಯಲ್ಲ, ಅದೇ. ಬರುವ ತಿಂಗಳು ನೀನು ಬಂದಾಗ ಸ್ಟೇಷನ್ನಿಗೆ ಅದನ್ನ ತಾವೇ ಓಡಿಸಿಕೊಂಡು ಬಂದು, ಛಾವಣಿ ತೆಗೆದು, ನಿನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿ ಮನೆಗೆ ಕರೆದುಕೊಂಡು ಬರಬೇಕು ಅಂತ ಅವರ ಆಸೆ. ದಿನಕ್ಕೊಂದು ಸಲ ಹೇಳ್ತಾರೆ. ಅದು ಆಗಬಾರದು, ಮಗಳೇ. ಏನೇ ಆದರೂ ಆಗಬಾರದು. ಯಾಕೆ ಅಂತ ಹೇಳಬೇಕಾದರೆ ನಾನು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದನ್ನೆಲ್ಲ ಬಿಚ್ಚಬೇಕು.

ಅಪ್ಪನ ದನಿ ಯಾಕೆ ಇಳಿದಿದೆ ಅಂತ ನೀನು ಒಮ್ಮೆ ಕೇಳಿದ್ದೆ. ನೆಗಡಿ ಅಂದೆ ನಾನು. ನೆಗಡಿ ಅಲ್ಲ. ಹೋದ ವರ್ಷದಿಂದ ಅವರ ಬಲಗೈ ನಡುಗುತ್ತೆ. ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಾಗಲೇ ಜಾಸ್ತಿ. ನಡೆಯುವಾಗ ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತೆ. ಅಂಗಿಯ ಗುಂಡಿ ಹಾಕೋಕೆ ಆಗ್ತಿಲ್ಲ ಅಂತ ಗೊತ್ತಾದ ಮೇಲೆ ನಾನು ಎಲ್ಲ ಅಂಗಿಗೂ ಒಳಗಿನಿಂದ ಒತ್ತುವ ಗುಂಡಿ ಇಟ್ಟು, ಹಳೇ ಗುಂಡಿಗಳನ್ನ ಮೇಲೆ ಚಂದಕ್ಕೆ ಹೊಲಿದುಕೊಟ್ಟೆ. ನಿನಗೆ ಇಷ್ಟು ಓದುವುದರೊಳಗೆ ಕಾಯಿಲೆಯ ಹೆಸರು ಹೊಳೆದಿರುತ್ತೆ, ನಾನು ಬರೆಯೋದು ಬೇಡ. ನರದ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಇನ್ನು ಗಾಡಿ ಓಡಿಸೋದು ನಿಲ್ಲಿಸಿಬಿಡಿ ಅಂತ ಸ್ಪಷ್ಟವಾಗಿ ಹೇಳಿದರು. ಮುಖ ಕೆಳಗೆ ಹಾಕಿಕೊಂಡು ಕೇಳಿಸಿಕೊಂಡರು ನಿಮ್ಮಪ್ಪ. ವಯಸ್ಸಾಯಿತು, ಇಷ್ಟು ವರ್ಷ ನಡೆಸಿದ ಡ್ರೈವಿಂಗ್ ಸ್ಕೂಲು ಸಾಕು, ಇನ್ನು ಆರಾಮ ಅಂತ ನಿನಗೆ ಹೇಳಿದ್ದು ಅದಾದ ವಾರದಲ್ಲೇ. ಬೋರ್ಡು ಇಳಿಸಿದರು, ಕಲಿಸುವ ಕಾರನ್ನ ಮಾರಿದರು. ನೀನು 'ಒಳ್ಳೆಯದಾಯಿತು ಅಪ್ಪಾ' ಅಂದೆ. ಹೂಂ ಅಂದರು.

ಆಮೇಲೆ ಎಷ್ಟೋ ದಿನ ಅವರು ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ನಾನು ಮಿಷನ್ ಮುಂದೆ ಕೂತು ಬೇರೆಯವರ ಪ್ಯಾಂಟು ಉದ್ದ ಮಾಡ್ತಾ, ಗಿಡ್ಡ ಮಾಡ್ತಾ ಇದ್ದರೆ, ಅವರು ಕಿಟಕಿಯ ಹತ್ತಿರ ಕೂತು ಹೋಗುವ ಬರುವ ಕಾರುಗಳನ್ನ ನೋಡೋರು. ಇವನು ಕ್ಲಚ್ ಮೇಲೆ ಕಾಲಿಟ್ಟೇ ಓಡಿಸ್ತಾನೆ, ಅವಳು ತಿರುಗುವ ಮೊದಲು ಕನ್ನಡಿ ನೋಡಲಿಲ್ಲ ಅಂತ ಗೊಣಗೋರು. ಒಂದು ದಿನ ಹೊರಗೆ ಹೋದವರು ಮುಖವೆಲ್ಲ ಬೆಳಗಿಸಿಕೊಂಡು ಬಂದರು. ಹಲ್ಲಿನ ಡಾಕ್ಟರ ಷೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಒಂದು ಹಳೇ ಸ್ಪೋರ್ಟ್ಸ್ ಕಾರು ಬಿದ್ದಿತ್ತಂತೆ. ಎರಡೇ ಬಾಗಿಲು, ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ. ಬಣ್ಣ ಹೋಗಿ ಇಟ್ಟಿಗೆಯ ಹಾಗೆ ಆಗಿತ್ತು. ಒಳಗೆ ಬೆಕ್ಕು ಮರಿ ಹಾಕಿತ್ತು. ಡಾಕ್ಟರಿಗೆ ಜಾಗ ಖಾಲಿಯಾದರೆ ಸಾಕಾಗಿತ್ತು. ಕಾರನ್ನ ಹೆಚ್ಚುಕಮ್ಮಿ ಗುಜರಿ ಬೆಲೆಗೆ ಕೊಟ್ಟರು, ಬೆಕ್ಕನ್ನ ಒಪ್ಪಿಸಿ ಇಳಿಸೋದಕ್ಕೇ ಜಾಸ್ತಿ ಹೊತ್ತು ಹಿಡಿಯಿತಂತೆ. ನಾನು ಎಗರಾಡಿದೆ. ಡಾಕ್ಟರು ಹೇಳಿದ್ದು ಕಿವಿಗೆ ಬೀಳಲಿಲ್ಲವಾ ಅಂತ ಕೇಳಿದೆ. ಅವರು ಅಂಗಳದಲ್ಲೇ ನಿಂತುಕೊಂಡು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಇಷ್ಟು ವರ್ಷ ಊರಿನವರೆಲ್ಲ ಓಡಿಸಿದ್ದನ್ನ ಪಕ್ಕದ ಸೀಟಲ್ಲಿ ಕೂತು ನೋಡಿದೆ ಕಣೇ. ಸ್ವಲ್ಪ ದಿನ ನಾನು ಓಡಿಸ್ತೀನಿ. ಖುಷಿಗೆ. ಬರೀ ಖುಷಿಗೆ." ಆಮೇಲೆ ನಾನು ಹೇಗೆ ಬೇಡ ಅನ್ನಲಿ, ಹೇಳು.

ಖುಷಿ ಅಂದರೆ ಖುಷಿಯೇ, ಸುಳ್ಳು ಹೇಳಲ್ಲ. ನಿಮ್ಮಪ್ಪನ ಹಳೇ ಶಿಷ್ಯ, ಗ್ಯಾರೇಜಿನವನು, ಎಲ್ಲರೂ ಸ್ಪಾನರ್ ಅಂತ ಕರೀತಾರಲ್ಲ, ಅವನ ಜೊತೆ ಸೇರಿಕೊಂಡು ಇಬ್ಬರೂ ಮಕ್ಕಳಿಗಿಂತ ಕಡೆಯಾದರು. ಅದರ ಹೊಟ್ಟೆ ಬಿಚ್ಚಿ ನೆಲದ ಮೇಲೆ ಹರಡಿಕೊಂಡರು. ಹೊಸ ಟೈರು ಬಂತು, ಗಟ್ಟಿ ಸ್ಪ್ರಿಂಗು ಬಂತು, ಗುಡುಗುವ ಸೈಲೆನ್ಸರ್ ಬಂತು. ಅದರ ಸದ್ದಿಗೆ ಎದುರುಮನೆಯ ನಿವೃತ್ತ ಲೈಬ್ರೇರಿಯನ್ ಕಿಟಕಿ ಧಡಾರ್ ಅಂತ ಹಾಕಿಕೊಂಡರು. ಇವರಿಗೆ ಅದೇ ದೊಡ್ಡ ಬಿರುದು. ನನಗೂ ಕೆಲಸ ಹಚ್ಚಿದರು. ಬೆಕ್ಕು ಕೆರೆದ ಸೀಟುಗಳಿಗೆ ಹೊಸ ಹೊದಿಕೆ, ಹರಿದ ಛಾವಣಿಗೆ ದಪ್ಪ ಕ್ಯಾನ್ವಾಸು. ನನ್ನ ಮಿಷನ್ನಿನ ಸೂಜಿ ಪಟಪಟ ಮುರಿಯಿತು, ನಾನು ಬೈದುಕೊಂಡೇ ಹೊಲಿದೆ. ಮೊದಲ ಸಲ ಹೊರಗೆ ಹೊರಟಾಗ ನನ್ನನ್ನೂ ಕೂರಿಸಿಕೊಂಡರು. ಕೆರೆಯ ಪಕ್ಕದ ರಸ್ತೆಯಲ್ಲಿ ಜನ ಇರಲಿಲ್ಲ. ಸ್ವಲ್ಪ ಜೋರಾಗಿ ಬಿಟ್ಟರು. ತಲೆಗೆ ಕಟ್ಟಿದ್ದ ಬಟ್ಟೆ ಹಾರಿ ಹೋಯಿತು, ನಾನು ಹೋಯಿತು ಹೋಯಿತು ಅಂತ ಕೂಗಿದೆ, ಅವರು ಹೋಗಲಿ ಬಿಡು ಅಂತ ನಕ್ಕರು. ಮದುವೆಯಾದ ಹೊಸದರಲ್ಲೂ ನಾವು ಹಾಗೆ ನಕ್ಕಿರಲಿಲ್ಲ. ಆ ದಿನ ಅವರ ಕೈ ನಡುಗಲೇ ಇಲ್ಲ, ಅಥವಾ ನಾನು ನೋಡಲಿಲ್ಲ.

ಆಮೇಲೆ ಬಂದ ಬದಲಾವಣೆಗಳು ಬೇರೆ ಥರ. ಸ್ಟೀರಿಂಗ್ ತೆಳ್ಳಗಿದೆ, ಸುತ್ತ ದಪ್ಪ ಚರ್ಮ ಹೊಲಿದುಕೊಡು, ರೇಸಿನವರು ಹಾಗೇ ಮಾಡಿಸ್ತಾರೆ ಅಂದರು. ಹೊಲಿದೆ. ಇನ್ನೂ ದಪ್ಪ ಇರಲಿ ಅಂದರು. ಗೇರಿನ ಹಿಡಿ ದೊಡ್ಡದಾಯಿತು. ಕ್ಲಚ್ಚು ಹೂವಿನಷ್ಟು ಹಗುರ ಆಯಿತು. ಅಕ್ಕಪಕ್ಕದ ಕನ್ನಡಿಗಳ ಜಾಗದಲ್ಲಿ ಅಗಲದ ಕನ್ನಡಿಗಳು ಬಂದವು. ಸ್ಪಾನರ್ ಪ್ರತಿಯೊಂದಕ್ಕೂ ಸೂಪರ್ ಮೇಷ್ಟ್ರೇ ಅಂದ. ನಾನು ಮಾತ್ರ ಒಂದು ದಿನ ಆ ಸ್ಟೀರಿಂಗಿಗೆ ಎರಡನೇ ಪದರ ಹೊಲಿಯುತ್ತಾ ಕೂತಿದ್ದಾಗ ಕೈ ನಿಲ್ಲಿಸಿಬಿಟ್ಟೆ. ಒಂದು ಭುಜ ಇಳಿದಿರುವವರು ಕೋಟು ಕೊಟ್ಟರೆ ನಾನೇನು ಮಾಡ್ತೀನಿ? ಆ ಕಡೆ ಒಳಗೆ ಒಂದು ಮೆತ್ತೆ ಜಾಸ್ತಿ ಇಡ್ತೀನಿ. ಹೊರಗಿನಿಂದ ನೋಡಿದರೆ ಒಳ್ಳೆ ಹೊಲಿಗೆ ಅಂತಾರೆ, ಒಳಗೆ ಏನು ಇಳಿದಿದೆ ಅನ್ನೋದು ಹಾಕಿಕೊಂಡವನಿಗೂ ನನಗೂ ಮಾತ್ರ ಗೊತ್ತು. ದಪ್ಪ ಸ್ಟೀರಿಂಗು ನಡುಗುವ ಕೈಗೆ. ಹಗುರ ಕ್ಲಚ್ಚು ಸೋತ ಕಾಲಿಗೆ. ಅಗಲ ಕನ್ನಡಿ ತಿರುಗದ ಕತ್ತಿಗೆ. ಕಾರನ್ನ ಚಂದ ಮಾಡ್ತಾ ಇದ್ದಾರೆ ಅಂತ ಊರೆಲ್ಲ ಅಂದುಕೊಂಡಿತು, ಅವರು ತಮ್ಮ ಮೈಯಲ್ಲಿ ಹೋಗಿದ್ದನ್ನೆಲ್ಲ ಒಂದೊಂದಾಗಿ ಕಾರಿನಲ್ಲಿ ತುಂಬಿಸಿಕೊಳ್ಳುತ್ತಿದ್ದರು. ಆದರೂ ಆ ಪದರ ಹೊಲಿದು ಮುಗಿಸಿದೆ.

ಬೈಯಬೇಡ. ಕೀಯನ್ನ ಬಚ್ಚಿಡಬಹುದಿತ್ತು, ನಿನಗೆ ಫೋನ್ ಮಾಡಬಹುದಿತ್ತು. ನಾನು ನನಗೆ ತಿಳಿದ ಹಾಗೆ ಮಾಡಿದೆ. ಬ್ರೇಕು ಹೊಸದು ಹಾಕಿಸೋಕೆ ಕಾರು ಗ್ಯಾರೇಜಿನಲ್ಲಿದ್ದಾಗ ನಾನೊಬ್ಬಳೇ ಹೋಗಿ ಸ್ಪಾನರ್‌ನ ಕೈಕಾಲು ಹಿಡಿದೆ. ಕಲಿಸುವ ಕಾರನ್ನ ಮಾರುವ ಮೊದಲು ಮೇಷ್ಟ್ರ ಕಡೆಯ ಬ್ರೇಕು ಬಿಚ್ಚಿದ್ದರಲ್ಲ, ಪಕ್ಕದ ಸೀಟಿನವರ ಕಾಲ ಹತ್ತಿರ ಇರೋದು, ಅದು ಅವನ ಮೂಲೆಯಲ್ಲೇ ಬಿದ್ದಿತ್ತು. ಅದನ್ನ ಈ ಕಾರಿಗೆ ಹಾಕು, ಯಾರಿಗೂ ಹೇಳಬೇಡ ಅಂದೆ. ಮೇಷ್ಟ್ರಿಗೆ ಗೊತ್ತಾದರೆ ನನ್ನ ಕಿವಿ ಹಿಂಡ್ತಾರೆ ಅಂತ ಒದ್ದಾಡಿದ. ಹಿಂಡಿದರೆ ನನ್ನ ಹತ್ತಿರ ಬಾ, ಹೊಲಿದು ಕೊಡ್ತೀನಿ ಅಂದೆ. ನಗಲಿಲ್ಲ ಅವನು. ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಕೂತ. ಅದರ ಮೇಲೆ ಮುಚ್ಚೋಕೆ ನಾನೊಂದು ಮ್ಯಾಟು ಹೊಲಿದೆ. ಅವತ್ತಿನಿಂದ ಅವರು ಹೊರಟಾಗೆಲ್ಲ ನಾನೂ ಹೊರಟೆ. ಇಷ್ಟು ದಿನ ಸವತಿ ಸವತಿ ಅಂತಿದ್ದೆ, ಈಗ ಬಿಟ್ಟಿರಲ್ಲ ನೋಡು ಅಂತ ಅವರು ರೇಗಿಸಿದರು. ನಾನು ಚಪ್ಪಲಿ ಬಿಟ್ಟು, ಬರಿಗಾಲನ್ನ ಆ ಮ್ಯಾಟಿನ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ನನಗೆ ಕಾರು ಓಡಿಸೋಕೆ ಬರಲ್ಲ ನಿಜ. ಆದರೆ ಮಿಷನ್ನಿನ ಪೆಡಲ್ ಮೇಲೆ ಜೀವಮಾನ ಕಳೆದ ಕಾಲು ಇದು, ಎಷ್ಟು ಒತ್ತಬೇಕು ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ. ಅಂಚೆ ಕಚೇರಿಯ ಮುಂದೆ ರಸ್ತೆ ದಾಟುವ ಬಿಳಿ ಪಟ್ಟೆಗಳಿವೆಯಲ್ಲ, ಅಲ್ಲಿ. ಒಬ್ಬಾತ ಮಗುವಿನ ತಳ್ಳುಗಾಡಿ ನೂಕಿಕೊಂಡು ರಸ್ತೆಗೆ ಇಳಿದ. ನಾವು ನಿಧಾನಕ್ಕೇ ಹೋಗ್ತಿದ್ದೆವು. ನಿಮ್ಮಪ್ಪ ನೋಡಿದರು, ಅವರ ಕಣ್ಣು ಇನ್ನೂ ಹದ್ದಿನ ಕಣ್ಣು. ಕಾಲು ಆಕ್ಸಿಲರೇಟರ್ ಬಿಟ್ಟು ಎದ್ದಿತು, ಬ್ರೇಕಿನ ಕಡೆಗೆ ಹೊರಟಿತು, ನಡುವೆಯೇ ನಿಂತುಬಿಟ್ಟಿತು. ಮನೆಯಲ್ಲಿ ಬಾಗಿಲ ಹತ್ತಿರ ನಿಲ್ಲುತ್ತಲ್ಲ, ಹಾಗೇ. ಗಾಳಿಯಲ್ಲಿ. ನಾನು ಅದನ್ನ ಕಣ್ಣಾರೆ ಕಂಡೆ. ಅವರೂ ತಮ್ಮ ಕಾಲನ್ನೇ ನೋಡ್ತಿದ್ದರು. ನಾನು ಮ್ಯಾಟನ್ನ ಒತ್ತಿದೆ. ಕಾರು ಒಂದಿಷ್ಟು ಮುಗ್ಗರಿಸಿ, ಪಟ್ಟೆಗೆ ಸ್ವಲ್ಪ ಈಚೆ ನಿಂತಿತು, ಇಂಜಿನ್ನು ಕೆಮ್ಮಿ ಆರಿಹೋಯಿತು. ಆ ಮನುಷ್ಯ ಥ್ಯಾಂಕ್ಸ್ ಅಂತ ಕೈಯೆತ್ತಿ ದಾಟಿಕೊಂಡು ಹೋದ. ಮಗು ಒಳಗೆ ನಿದ್ದೆ ಮಾಡ್ತಿತ್ತು. ಹಿಂದಿನವರು ಹಾರ್ನ್ ಹೊಡೆದರು. ನಿಮ್ಮಪ್ಪ ಕೀ ತಿರುಗಿಸಿ ಇಂಜಿನ್ನು ಮತ್ತೆ ಹಚ್ಚಿದರು. ಆಮೇಲೆ ಮುಂದೆ ನೋಡಿಕೊಂಡೇ ಹೇಳಿದರು, "ಬ್ರೇಕು ಈಗ ಚೆನ್ನಾಗಿ ಹಿಡಿಯುತ್ತೆ." ನಾನು ಹೌದು, ಸ್ಪಾನರ್ ಕೆಲಸ ಅಚ್ಚುಕಟ್ಟು ಅಂದೆ.

ಅವರಿಗೆ ಗೊತ್ತಾಗಲಿಲ್ಲ ಅಂದುಕೊಂಡೆಯಾ? ಕಲಿಯೋಕೆ ಬಂದವರು ಹೆದರಿ ಕಾಲು ಮರೆತಾಗ ಅವರು ಏನು ಮಾಡ್ತಿದ್ದರು ಅಂತ ನಿನಗೆ ಗೊತ್ತಿರಲಿಕ್ಕಿಲ್ಲ, ಅದನ್ನ ನನ್ನ ಹತ್ತಿರ ಮಾತ್ರ ಹೇಳಿಕೊಳ್ಳೋರು. ತಮ್ಮ ಕಡೆಯ ಬ್ರೇಕನ್ನ ಮೆಲ್ಲಗೆ, ಎಷ್ಟು ಮೆಲ್ಲಗೆ ಅಂದರೆ ಗಾಡಿ ತನ್ನಷ್ಟಕ್ಕೆ ನಿಂತ ಹಾಗೆ ಒತ್ತೋರು. ಆಮೇಲೆ ಶಭಾಷ್, ಸರಿಯಾದ ಸಮಯಕ್ಕೆ ನಿಲ್ಲಿಸಿದೆ ಅನ್ನೋರು. ಕಲಿಯೋನು ತಾನೇ ನಿಲ್ಲಿಸಿದೆ ಅಂತ ಎದೆಯುಬ್ಬಿಸಿಕೊಂಡು ಮನೆಗೆ ಹೋಗೋನು. ಕಾಲು ನಂದು ಇರಲಿ, ಧೈರ್ಯ ಅವರದಾಗಲಿ ಅನ್ನೋರು ನನ್ನ ಹತ್ತಿರ. ಜೀವನವೆಲ್ಲ ಹಾಗೆ ಒತ್ತಿದ ಮನುಷ್ಯನಿಗೆ, ತನ್ನ ಗಾಡಿಯನ್ನ ಬೇರೆ ಕಾಲು ನಿಲ್ಲಿಸಿದ್ದು ತಿಳಿಯದೇ ಇರುತ್ತಾ? ಮ್ಯಾಟು ಹಾಸಿದ ದಿನವೇ ತಿಳಿದಿರುತ್ತೆ ಅವರಿಗೆ. ಮನೆಗೆ ಬಂದು ಊಟಕ್ಕೆ ಕೂತರು, ಅರ್ಧ ಬಿಟ್ಟು ಎದ್ದರು. ಅದರ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ಅಳು ಬಂದದ್ದು ಬಟ್ಟೆ ಒಗೆಯುವಾಗ.

ಅವತ್ತಿನಿಂದ ಕಾರು ಷೆಡ್ಡು ಬಿಟ್ಟು ಆಚೆ ಬಂದಿಲ್ಲ. ದಿನಾ ಒರೆಸ್ತಾರೆ. ಮೊನ್ನೆ ಕಾಫಿಗೆ ಕರೆಯೋಣ ಅಂತ ಹೋದೆ. ಇಂಜಿನ್ನು ಆರಿತ್ತು, ಅವರು ಒಳಗೆ ಕೂತಿದ್ದರು. ಬಾಗಿಲು ತೆರೆದಿತ್ತು. ಕಾಲನ್ನ ಎತ್ತೋದು, ಬ್ರೇಕಿನ ಮೇಲೆ ಇಡೋದು, ಮತ್ತೆ ಎತ್ತೋದು. ನಡುವೆ ನಿಂತುಹೋದಾಗ ಅದರ ಹತ್ತಿರ ಮಾತಾಡ್ತಿದ್ದರು ಕಣೇ. "ಹೆದರಬೇಡ. ಅವಸರ ಇಲ್ಲ. ನಿಧಾನಕ್ಕೆ ತಗೋ." ಕಲಿಯೋಕೆ ಬಂದವರಿಗೆ ಹೇಳೋರಲ್ಲ, ಅದೇ ದನಿ. ತಮ್ಮ ಕಾಲಿಗೆ ತಾವೇ ಮೇಷ್ಟ್ರಾಗಿ ಕೂತಿದ್ದರು. ನಾನು ಕರೆಯದೆ ಹಾಗೇ ಹಿಂದಕ್ಕೆ ಬಂದೆ, ಕಾಫಿ ಆರಿಹೋಯಿತು. ನೀನು ಬರುವುದರೊಳಗೆ ಕಾಲು ಪಾಠ ಕಲಿತುಬಿಡುತ್ತೆ ಅಂತ ಅವರ ನಂಬಿಕೆ. ಕಲಿಯಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಆ ದನಿಯನ್ನ ಅವರು ಎಲ್ಲರಿಗೂ ಕೊಟ್ಟರು, ನಿನಗೊಬ್ಬಳಿಗೆ ಮಾತ್ರ ಕೊಡಲಿಲ್ಲ. ಅದೂ ನನ್ನ ಮನಸ್ಸಿನಲ್ಲಿದೆ. ಊರಿನ ಮಕ್ಕಳಿಗೆಲ್ಲ ತಾಳ್ಮೆಯಿಂದ ಹೇಳಿಕೊಟ್ಟವರು ಸ್ವಂತ ಮಗಳ ಮೇಲೆ ಎರಡನೇ ದಿನವೇ ರೇಗಿದರು. ನೀನು ನಡುರಸ್ತೆಯಲ್ಲಿ ಕಾರಿನಿಂದ ಇಳಿದು, ಮುಖ ಊದಿಸಿಕೊಂಡು ನಡೆದೇ ಮನೆಗೆ ಬಂದೆ. ಮೆಣಸಿನಕಾಯಿ ಅಂತ ಹೆಸರು ಬಿದ್ದಿದ್ದೇ ಅವತ್ತು. ಆಮೇಲೆ ಬೇರೆ ಸ್ಕೂಲಿಗೆ ಸೇರಿ ಕಲಿತೆ. ಅದನ್ನ ಅವರು ನುಂಗಿಕೊಂಡರು. ನಿನ್ನ ಲೈಸೆನ್ಸ್ ಪರೀಕ್ಷೆಯ ದಿನ ಮೈದಾನದ ಗೋಡೆಯ ಆಚೆ ನಿಂತು ನೋಡಿ ಬಂದಿದ್ದರು, ಇದು ನಿನಗೆ ಗೊತ್ತಾ? ಮನೆಗೆ ಬಂದು, ಹಿಂದಕ್ಕೆ ತೆಗೆಯುವಾಗ ಕನ್ನಡಿ ನೋಡ್ತಾಳೆ, ಪರವಾಗಿಲ್ಲ ಅಂದರು. ಅಷ್ಟೇ ಅಂದಿದ್ದು. ಹೆತ್ತವರ ಪ್ರೀತಿ ಕೆಲವು ಸಲ ಹಾಗೇ ಎಡವಟ್ಟಾಗಿ ಹೊರಗೆ ಬರುತ್ತೆ ಮಗಳೇ, ಅದಕ್ಕೆ ನಾನೇನೂ ಸಮಜಾಯಿಷಿ ಕೊಡಲ್ಲ.

ಒಳಗೆ ಮಂಚ ಕಿರ್ ಅಂತಿದೆ, ಎದ್ದರು ಅಂತ ಕಾಣುತ್ತೆ. ನನ್ನ ಮೇಲೆ ಕೋಪ ಬಂದರೆ ಬರಲಿ, ಅವರ ಹತ್ತಿರ ಮಾತ್ರ ತೋರಿಸಬೇಡ. ಫೋನಿನಲ್ಲಿ ಅಳಬೇಡ. ಅಳಿಯಂದಿರಿಗೆ ನನ್ನ ನೆನಪು ಹೇಳು, ಬಿಸಿನೀರು ಕುಡಿಯಲಿ. ನಿನ್ನ ಕೈ ಹಿಡಿದ ರೋಗಿಗಳೆಲ್ಲ ಎದ್ದು ಓಡಾಡಲಿ, ನೀನು ಹೊಟ್ಟೆತುಂಬ ಉಂಡು ಕಣ್ತುಂಬ ನಿದ್ದೆ ಮಾಡು. ನೀನು ಬರೋದನ್ನೇ ಕಾಯ್ತಾ ಇರೋ

ನಿನ್ನ ಅಮ್ಮ

ಮರೆತೆ, ಮುಖ್ಯವಾದದ್ದೇ ಬರೆಯಲಿಲ್ಲ. ಅವರು ಬಚ್ಚಲಲ್ಲಿದ್ದಾರೆ, ಬೇಗ ಬರೆಯುತ್ತೇನೆ. ಮಧ್ಯಾಹ್ನದ ರೈಲಿಗೆ ಬರ್ತೀನಿ ಅಂತ ಅಪ್ಪನಿಗೆ ಹೇಳಿದ್ದೀಯಲ್ಲ, ಅದು ಹಾಗೇ ಇರಲಿ. ನೀನು ಬೆಳಗಿನ ರೈಲಿಗೆ ಬಾ. ಅವರು ಷೆಡ್ಡಿನ ಬಾಗಿಲು ತೆಗೆಯುವ ಮೊದಲೇ ಟ್ಯಾಕ್ಸಿ ಹಿಡಿದು ಮನೆಗೆ ಬಂದುಬಿಡು. ಬಂದ ತಕ್ಷಣ ಚೀಲ ಕೆಳಗಿಡುವ ಮೊದಲೇ ಹೇಳು, ಅಪ್ಪಾ, ಈ ಕಾರು ನನಗೆ ಬರಲ್ಲ, ನೀವೇ ಹೇಳಿಕೊಡಿ ಅಂತ. ಕೀ ಕೊಡಿ ಅಂದರೆ ಕೊಡಲ್ಲ, ನನಗಂತೂ ಕೊಡಲ್ಲ. ಕಲಿಸಿ ಅಂದರೆ ಆ ಮನುಷ್ಯ ಬಾಯಿ ಮುಚ್ಚಿಕೊಂಡು ಪಕ್ಕದ ಸೀಟಿಗೆ ಹೋಗಿ ಕೂರ್ತಾರೆ. ಅಲ್ಲಿ ಕೂರೋಕೆ ಅವರಿಗೆ ಅವಮಾನವಿಲ್ಲ. ಮ್ಯಾಟನ್ನ ನಾನು ಮೊದಲೇ ತೆಗೆದಿಟ್ಟಿರ್ತೀನಿ. ನೀನು ರೋಗಿಗಳ ಮನೆಗೆ ಅಂತ ದಿನಾ ಊರೆಲ್ಲ ಕಾರಿನಲ್ಲಿ ಸುತ್ತುವವಳು, ಚೆನ್ನಾಗಿ ಓಡಿಸ್ತೀಯ, ನನಗೆ ಗೊತ್ತು. ಅವತ್ತೊಂದು ದಿನ ಚೆನ್ನಾಗಿ ಓಡಿಸಬೇಡ. ಗೇಟಿನ ಹತ್ತಿರ ಒಂದು ಸಲ ಕಾರು ಆರಿಹೋಗಲಿ. ಅವರು ರೇಗಲಿ, ರೇಗಿದರೆ ಈ ಸಲ ಇಳಿಯಬೇಡ. ಮುಂದೆ ಯಾರಾದರೂ ಅಡ್ಡ ಬಂದಾಗ ಅವರ ಕಾಲು ಆ ಬ್ರೇಕನ್ನ ಹುಡುಕುತ್ತೆ. ಸಿಕ್ಕರೆ ಸರಿ. ಸಿಗದೇ ಹೋದರೆ ನೀನೇ ಮೆಲ್ಲಗೆ ನಿಲ್ಲಿಸು, ತುಟಿ ಪಿಟಕ್ ಅನ್ನಬೇಡ. ಅವರೇ ನಿಲ್ಲಿಸಿದ್ದು ಅಂದುಕೊಳ್ಳಲಿ.